ದಾವಣಗೆರೆಯ ಒಂದು ಪಾದ ತಪಾಸಣೆ ಕ್ಲಿನಿಕ್: ಅಪ್ಪಾಜಿಯ 1.44 ನಾರ್ಮಲ್ ಆಗಿರಲಿಲ್ಲ

ಐದಕ್ಕೆ ನಾಲ್ಕು ಕೊಡುತ್ತೇನೆ. ಒಂದು ಯಾಕೆ ಕಡಿಮೆ ಅನ್ನೋದು ಮುಂದೆ ಬರುತ್ತದೆ. ದೂರೂ ಹೇಳುವುದಿದೆ, ಹಾಗಾಗಿ ಕ್ಲಿನಿಕ್ಕಿನ ಹೆಸರು ಹಾಕಿಲ್ಲ. ಪಿ.ಜೆ. ಬಡಾವಣೆ ಕಡೆ, ಮೆಡಿಕಲ್ ಶಾಪಿನ ಮೇಲಿನ ಮಹಡಿಯಲ್ಲಿ ಎರಡು ಕೋಣೆ. ಶುಗರ್ ಇರುವವರ ಪಾದ ಮತ್ತು ರಕ್ತನಾಳ ನೋಡುತ್ತಾರೆ.

ನಾವು ಅಲ್ಲಿಗೆ ಹೋಗಲು ಕಾರಣ ಒಂದು ಚಪ್ಪಲಿ. ಅಪ್ಪಾಜಿಗೆ ಎಪ್ಪತ್ತು ವರ್ಷ, ಶುಗರ್ ಬಂದು ಹದಿನಾಲ್ಕು ವರ್ಷ ಆಯಿತು. ಒಂದು ಸಂಜೆ ಮಂಡಿಪೇಟೆಯಿಂದ ಸಾಮಾನು ತಗೊಂಡು ನಡೆದು ಬಂದರು. ಬಾಗಿಲಲ್ಲಿ ಅವ್ವ ನೋಡಿ, "ಎಡಗಾಲಿನ ಚಪ್ಪಲಿ ಎಲ್ರೀ?" ಅಂದರು. ಅಪ್ಪಾಜಿ ಕೆಳಗೆ ನೋಡಿದರು. ಚಪ್ಪಲಿ ಇರಲಿಲ್ಲ. ಎಲ್ಲಿ ಕಳಚಿತು ಅಂತಲೇ ಅವರಿಗೆ ಗೊತ್ತಾಗಿರಲಿಲ್ಲ. ಅಂಗಾಲಲ್ಲಿ ಒಂದು ಸಣ್ಣ ಕಲ್ಲು ಚುಚ್ಚಿಕೊಂಡಿತ್ತು, ರಕ್ತ ಬಂದಿತ್ತು, ನೋವು ಮಾತ್ರ ಇಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಇದಕ್ಕೂ ಆರು ತಿಂಗಳು ಮುಂಚೆ ಊರಿನ ಒಂದು ಲ್ಯಾಬಿನಲ್ಲಿ ಅಪ್ಪಾಜಿಗೆ ಪೂರ್ತಿ ದೇಹದ ಪ್ಯಾಕೇಜ್ ಮಾಡಿಸಿದ್ದೆ. ಅದರಲ್ಲಿ ಕಾಲಿನ ರಕ್ತ ಸಂಚಾರದ ಪರೀಕ್ಷೆಯೂ ಇತ್ತು. ಕಣಕಾಲಿನ ಬಿ.ಪಿ.ಯನ್ನು ತೋಳಿನ ಬಿ.ಪಿ.ಯಿಂದ ಭಾಗಿಸುತ್ತಾರೆ. ಅಪ್ಪಾಜಿಗೆ 1.44 ಬಂದಿತ್ತು. ರಿಪೋರ್ಟಿನಲ್ಲಿ ಹಸಿರು ಅಕ್ಷರದಲ್ಲಿ 'ನಾರ್ಮಲ್' ಅಂತ ಬರೆದಿದ್ದರು. ಕೌಂಟರಿನಲ್ಲಿ ಕೇಳಿದ್ದಕ್ಕೆ, ಒಂದಕ್ಕಿಂತ ಜಾಸ್ತಿ ಇದ್ದರೆ ಒಳ್ಳೇದೇ ಅಂದರು. ನಾವೂ ಖುಷಿಯಾಗಿ ಮನೆಗೆ ಬಂದೆವು.

ಆ ಹಾಳೆಯನ್ನು ಈ ಕ್ಲಿನಿಕ್ಕಿಗೆ ತಗೊಂಡು ಹೋಗಿದ್ದೆ. ಡಾಕ್ಟರು ಅದನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದು ನಾರ್ಮಲ್ ಅಲ್ಲ. ಮತ್ತೆ ನೋಡೋಣ" ಅಂದರು. ಅಷ್ಟೇ. ಆ ಲ್ಯಾಬಿನ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಅದು ನನಗೆ ಹಿಡಿಸಿತು.

ತಪಾಸಣೆಗೆ ಮುಕ್ಕಾಲು ಗಂಟೆ ತಗೊಂಡರು. ಮೊದಲು ಸಿಸ್ಟರ್ ಪಾದ ತೊಳೆಸಿ, ಒರೆಸಿ, ಬೆರಳ ಸಂದಿ ಸಂದಿ ಟಾರ್ಚ್ ಹಾಕಿ ನೋಡಿದರು. ಆಣಿ, ಬಿರುಕು, ಉಗುರಿನ ಮೂಲೆ, ಎಲ್ಲ. ಆಮೇಲೆ ಮೀನಿನ ಗಾಳದ ದಾರದ ಥರ ಒಂದು ನೈಲಾನ್ ಎಳೆ ತಂದರು. ಅದನ್ನು ಒತ್ತಿದಾಗ ಸರಿಯಾಗಿ 10 ಗ್ರಾಂ ಭಾರ ಬಿದ್ದ ಕೂಡಲೇ ಬಾಗುತ್ತದಂತೆ. ಅಪ್ಪಾಜಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ಪಾದದ ಬೇರೆ ಬೇರೆ ಕಡೆ ಮುಟ್ಟಿಸಿ, "ಗೊತ್ತಾದಾಗ ಹೂಂ ಅನ್ನಿ ಯಜಮಾನ್ರೆ" ಅಂದರು. ಬಲಗಾಲಲ್ಲಿ ಹೂಂ, ಹೂಂ ಅಂತ ಬಂತು. ಎಡಗಾಲಿನ ಹೆಬ್ಬೆರಳಿಗೆ ಮುಟ್ಟಿಸಿದರು. ಅಪ್ಪಾಜಿ ಸುಮ್ಮನೆ ಕೂತಿದ್ದರು. ಮತ್ತೆ ಮುಟ್ಟಿಸಿದರು. ಅವರು ಇನ್ನೂ ಕಾಯುತ್ತಿದ್ದಾರೆ, ಯಾವಾಗ ಮುಟ್ಟಿಸುತ್ತಾರೆ ಅಂತ. ನಾನು ಆ ಕಡೆ ಮುಖ ತಿರುಗಿಸಿಕೊಂಡೆ.

ಅದಾದ ಮೇಲೆ ನಡುಗುವ ಒಂದು ಉಪಕರಣ ಬೆರಳಿಗೆ ಇಟ್ಟು, ಎಷ್ಟು ವೋಲ್ಟಿಗೆ ನಡುಕ ಗೊತ್ತಾಗುತ್ತದೆ ಅಂತ ನೋಡಿದರು. 25 ದಾಟಿದರೆ ಹುಣ್ಣಾಗುವ ಅಪಾಯ ಜಾಸ್ತಿ. ಅಪ್ಪಾಜಿಗೆ ಎಡಗಾಲಲ್ಲಿ 32. ಕೊನೆಗೆ ಕಾಲಿನ ಹೆಬ್ಬೆರಳಿಗೇ ಒಂದು ಪುಟ್ಟ ಬಿ.ಪಿ. ಪಟ್ಟಿ ಸುತ್ತಿ ಒತ್ತಡ ಅಳೆದರು. ಇದನ್ನು ನಾನು ಎಲ್ಲೂ ನೋಡಿರಲಿಲ್ಲ. ಕಣಕಾಲಿನಲ್ಲಿ ಈ ಸಲವೂ 1.4ರ ಮೇಲೇ ಬಂತು. ಬೆರಳಿನಲ್ಲಿ 0.58. ಬೆರಳಿನ ಲೆಕ್ಕ 0.7ಕ್ಕಿಂತ ಕೆಳಗಿದ್ದರೆ ಕಾಲಿಗೆ ರಕ್ತ ಕಡಿಮೆ ಹೋಗುತ್ತಿದೆ ಅಂತ ಅರ್ಥ.

ಒಂದೇ ಕಾಲು, ಕಣಕಾಲಲ್ಲಿ ಜಾಸ್ತಿ, ಬೆರಳಲ್ಲಿ ಕಡಿಮೆ. ಹೇಗೆ ಅಂತ ಕೇಳಿದೆ. ನಾನು ಈ ವಿಮರ್ಶೆ ಬರೆಯಲು ಕೂತಿದ್ದೇ ಆ ಪ್ರಶ್ನೆಗೆ ಸಿಕ್ಕ ಉತ್ತರಕ್ಕೆ.

ಡಾಕ್ಟರು ನೇರ ಉತ್ತರ ಕೊಡದೆ ಅಪ್ಪಾಜಿಯನ್ನು ಕೇಳಿದರು, "ಯಜಮಾನ್ರೆ, ಮುಂಚೆ ಏನು ಕೆಲಸ ಮಾಡ್ತಿದ್ರಿ?"

"ಕಾಟನ್ ಮಿಲ್ಲಿನಾಗೆ ಇದ್ದೆ ಸರ್. ಹತ್ತೊಂಬತ್ತು ವರ್ಷ."

"ಆ ಸದ್ದಿನಲ್ಲಿ ಪಕ್ಕದ ಮಗ್ಗದೋರನ್ನ ಹೇಗೆ ಕರೀತಿದ್ರಿ?"

"ಕೂಗಿದ್ರೆ ಎಲ್ಲಿ ಕೇಳಬೇಕು ಸರ್. ಕೈ ಸನ್ನೆ. ಹತ್ತಿರ ಇದ್ರೆ ಭುಜ ಮುಟ್ಟಿ ಹೇಳ್ತಿದ್ವಿ." ಹೇಳುತ್ತಾ ಕೈಯೆತ್ತಿ ಎರಡು ಸನ್ನೆ ಮಾಡಿಯೂ ತೋರಿಸಿದರು, ನೂಲು ಹರಿದಿದೆ ಅಂತ ಒಂದು, ಮೇಸ್ತ್ರಿ ಬಂದ ಅಂತ ಇನ್ನೊಂದು. ನಾನು ಇದನ್ನು ಮೊದಲ ಸಲ ನೋಡಿದೆ.

"ರಕ್ತನಾಳದ ಗೋಡೆಯಲ್ಲೂ ಹಾಗೇ ಮಾತು ನಡೀತದೆ" ಅಂದರು ಡಾಕ್ಟರು.

ಅವರು ಹೇಳಿದ್ದು, ಆಮೇಲೆ ನಾನು ಮನೆಯಲ್ಲಿ ಓದಿಕೊಂಡಿದ್ದು, ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ. ನಾವು ರಕ್ತನಾಳ ಅಂದರೆ ಸುಮ್ನೆ ಒಂದು ಪೈಪು ಅಂದುಕೊಂಡಿರುತ್ತೇವೆ ಅಲ್ವಾ. ಅದರ ಒಳಮೈಗೆ ಒಂದು ಪದರ ಇದೆ, ಒಂದೇ ಒಂದು ಜೀವಕೋಶದಷ್ಟು ದಪ್ಪ. ರಕ್ತಕ್ಕೆ ತಾಗಿಕೊಂಡಿರುವುದು ಈ ಕೋಶಗಳೇ. ಇವುಗಳ ಹಿಂದೆ ಸುತ್ತಲೂ ಸ್ನಾಯುಕೋಶಗಳು. ನಾಳ ಬಿಗಿಯಾಗುವುದು, ಸಡಿಲ ಆಗುವುದು ಆ ಸ್ನಾಯುಗಳಿಂದ. ಆದರೆ ರಕ್ತ ಹೇಗೆ ಹರಿಯುತ್ತಿದೆ ಅನ್ನೋದು ಸ್ನಾಯುಗಳಿಗೆ ಕಾಣುವುದಿಲ್ಲ. ಒಳಪದರದ ಕೋಶಗಳು ನೋಡಿ ಹೇಳಬೇಕು.

ಹೇಳುವ ದಾರಿ ಎರಡು. ಒಂದು, ದೂರದಿಂದ ಸನ್ನೆ. ಒಳಪದರ ನೈಟ್ರಿಕ್ ಆಕ್ಸೈಡ್ ಅನ್ನುವ ಅನಿಲ ಮಾಡುತ್ತದೆ, ಅದು ಪಕ್ಕದ ಸ್ನಾಯುಕೋಶಕ್ಕೆ ನುಸುಳಿ 'ಸಡಿಲ ಬಿಡು' ಅನ್ನುತ್ತದೆ. ಆ ಅನಿಲದ ಆಯುಷ್ಯ ಕೆಲವೇ ಸೆಕೆಂಡು. ಇನ್ನೊಂದು, ಭುಜ ಮುಟ್ಟಿ ಹೇಳಿದ ಹಾಗೆ. ಒಳಪದರಕ್ಕೂ ಸ್ನಾಯುಗಳಿಗೂ ನಡುವೆ ಒಂದು ತೆಳು ಗೋಡೆ, ಅದರಲ್ಲಿ ಅಲ್ಲಲ್ಲಿ ಕಿಂಡಿ. ಆ ಕಿಂಡಿಯಿಂದ ಒಳಪದರದ ಕೋಶ ಒಂದು ಚಾಚು ಹಾಕಿ ಸ್ನಾಯುಕೋಶವನ್ನು ಮುಟ್ಟುತ್ತದೆ. ಮುಟ್ಟಿದ ಜಾಗದಲ್ಲಿ ಕನೆಕ್ಸಿನ್ ಅನ್ನುವ ಪ್ರೋಟೀನಿನ ಕೊಳವೆಗಳಿವೆ. ಈ ಕಡೆಯ ಕೋಶದ ಆರು, ಆ ಕಡೆಯ ಕೋಶದ ಆರು ಸೇರಿದರೆ ಒಂದು ಕೊಳವೆ. ಅದರೊಳಗಿಂದ ವಿದ್ಯುತ್ ಸಂಕೇತ ಒಂದು ಕೋಶದಿಂದ ಇನ್ನೊಂದಕ್ಕೆ ದಾಟುತ್ತದೆ. ದೊಡ್ಡ ನಾಳಗಳಲ್ಲಿ ಅನಿಲದ್ದೇ ಹೆಚ್ಚು ಕೆಲಸ. ನಾಳ ಸಣ್ಣದಾದಷ್ಟೂ ಈ ಮುಟ್ಟಿ ಹೇಳುವ ಮಾತು ಮುಖ್ಯ ಆಗುತ್ತಾ ಹೋಗುತ್ತದೆ.

ಇದು ಗೊತ್ತಾಗಿ ಬಹಳ ವರ್ಷವೇನೂ ಆಗಿಲ್ಲ. 1980ರಲ್ಲಿ ಅಮೆರಿಕದ ರಾಬರ್ಟ್ ಫರ್ಚ್‌ಗಾಟ್, ಮೊಲದ ಮಹಾಧಮನಿಯ ತುಂಡುಗಳ ಮೇಲೆ ಮಾಡಿದ ಪ್ರಯೋಗ ಪ್ರಕಟಿಸಿದರು. ನಾಳ ಸಡಿಲವಾಗಲು ಒಂದು ರಾಸಾಯನಿಕ ಹಾಕುತ್ತಿದ್ದರು. ಒಳಪದರ ಹಾಗೇ ಇದ್ದ ತುಂಡು ಸಡಿಲ ಆಗುತ್ತಿತ್ತು, ಒಳಪದರ ಉಜ್ಜಿ ಹೋಗಿದ್ದ ತುಂಡು ಆಗುತ್ತಿರಲಿಲ್ಲ. ಅಂದರೆ ಆ ತೆಳು ಪದರ ಏನೋ ಹೇಳಿ ಕಳಿಸುತ್ತಿದೆ. ಆ 'ಏನೋ' ನೈಟ್ರಿಕ್ ಆಕ್ಸೈಡ್ ಅಂತ ಆಮೇಲೆ ಗೊತ್ತಾಯಿತು. 1998ರಲ್ಲಿ ಅವರಿಗೂ, ಲೂಯಿಸ್ ಇಗ್ನಾರೊ, ಫೆರಿಡ್ ಮುರಾದ್ ಅವರಿಗೂ ನೊಬೆಲ್ ಬಂತು. ಎದೆನೋವು ಬಂದಾಗ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಇದೆಯಲ್ಲ, ಅದು ಕೆಲಸ ಮಾಡುವುದೂ ಇದೇ ಅನಿಲದಿಂದ.

ಈಗ ಶುಗರ್ ವಿಷಯ. ಸ್ನಾಯು, ಕೊಬ್ಬಿನ ಕೋಶಗಳಿಗೆ ಸಕ್ಕರೆ ಒಳಗೆ ಹೋಗಬೇಕಾದರೆ ಇನ್ಸುಲಿನ್ ಬಂದು ಬಾಗಿಲು ತೆಗೆಸಬೇಕು. ರಕ್ತನಾಳದ ಒಳಪದರದ ಕೋಶಗಳಿಗೆ ಇನ್ಸುಲಿನ್ ಬೇಕಿಲ್ಲ, ಬಾಗಿಲು ಯಾವಾಗಲೂ ತೆರೆದೇ ಇರುತ್ತದೆ. ರಕ್ತದಲ್ಲಿ ಸಕ್ಕರೆ ಏರಿದರೆ ಇವುಗಳ ಒಳಗೂ ಏರುತ್ತದೆ, ತಡೆಯಲು ಆಗುವುದಿಲ್ಲ. ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತಿರುವ ಸಂಗತಿ ಇದು. ಅಪ್ಪಾಜಿಯ ಮೀಟರಿನಲ್ಲಿ 280 ಅಂತ ಬಂದ ದಿನಗಳನ್ನೆಲ್ಲ ನೆನೆಸಿಕೊಂಡೆ.

ಜಾಸ್ತಿ ಸಕ್ಕರೆ ಒಳಗೆ ಸೇರಿದಾಗ ಕೋಶದೊಳಗೆ ಸೂಪರಾಕ್ಸೈಡ್ ಅನ್ನುವ ಚುರುಕಾದ ಆಮ್ಲಜನಕದ ರೂಪ ಹೆಚ್ಚುತ್ತದೆ. ಅದು ನೈಟ್ರಿಕ್ ಆಕ್ಸೈಡ್ ಸಿಕ್ಕಿದ ಕೂಡಲೇ ಹಿಡಿದು ಬೇರೆಯದೇ, ಹಾನಿ ಮಾಡುವ ವಸ್ತುವಾಗಿ ಬದಲಿಸಿಬಿಡುತ್ತದೆ. ಸನ್ನೆ ಮಾಡಿದ್ದು ಹೌದು, ತಲುಪಲಿಲ್ಲ. ಅಪ್ಪಾಜಿ ಇಲ್ಲಿ ತಾವೇ ಹೇಳಿದರು, "ಅರಳೆ ಧೂಳು ಎದ್ದಾಗ ಸನ್ನೆ ಕಾಣ್ತಿರಲಿಲ್ಲ, ಹಂಗೆ." ಡಾಕ್ಟರು ಹೌದು ಅಂದರು. ಮುಟ್ಟಿ ಹೇಳುವ ದಾರಿಯೂ ಕೆಡುತ್ತದೆ. ಸಕ್ಕರೆ ಕಾಯಿಲೆ ಬರಿಸಿದ ಇಲಿಗಳ ಸಣ್ಣ ನಾಳಗಳಲ್ಲಿ ಈ ವಿದ್ಯುತ್ ಸಂಕೇತ ಕುಗ್ಗಿದ್ದನ್ನು ಪ್ರಯೋಗಗಳಲ್ಲಿ ನೋಡಿದ್ದಾರೆ.

ಇನ್ಸುಲಿನ್ ವಿಷಯ ಇನ್ನೂ ಬೇಜಾರಿನದು. ಒಳಪದರದ ಕೋಶಗಳಿಗೆ ಅದು ಎರಡು ಮಾತು ಹೇಳುತ್ತದೆ. ನಾಳ ಸಡಿಲ ಮಾಡುವ ನೈಟ್ರಿಕ್ ಆಕ್ಸೈಡ್ ಮಾಡು ಅಂತ ಒಂದು, ನಾಳ ಬಿಗಿ ಮಾಡುವ ಎಂಡೋಥೀಲಿನ್ ಮಾಡು ಅಂತ ಇನ್ನೊಂದು. ಆರೋಗ್ಯ ಇದ್ದಾಗ ಎರಡೂ ಸಮ ಇರುತ್ತವೆ. ಇನ್ಸುಲಿನ್ನಿಗೆ ದೇಹ ಸ್ಪಂದಿಸುವುದು ಕಡಿಮೆಯಾದಾಗ ಮೊದಲನೇ ಮಾತು ಮಾತ್ರ ಕೇಳಿಸದೆ ಹೋಗುತ್ತದೆ, ಎರಡನೆಯದು ಕೇಳಿಸುತ್ತಲೇ ಇರುತ್ತದೆ. ಹೀಗಾಗಿ ನಾಳ ಬಿಗಿಯುವ ಕಡೆಗೇ ವಾಲುತ್ತದೆ. ಇದರ ಮೇಲೆ, ಕಷ್ಟದಲ್ಲಿರುವ ಒಳಪದರ ತನ್ನ ಮೈಮೇಲೆ ಅಂಟು ಅಣುಗಳನ್ನು ಹೊರಗೆ ಚಾಚಿ ರಕ್ತದ ಬಿಳಿ ಕಣಗಳನ್ನು ಹಿಡಿದು ನಿಲ್ಲಿಸುತ್ತದೆ, ಅವು ಗೋಡೆಯೊಳಗೆ ನುಗ್ಗುತ್ತವೆ, ಅಲ್ಲಿಂದ ಉರಿಯೂತ.

ಅಪ್ಪಾಜಿಯ 1.44ಕ್ಕೆ ಉತ್ತರ ಸ್ನಾಯು ಪದರದಲ್ಲಿತ್ತು. ಸಕ್ಕರೆ ಕಾಯಿಲೆ ವರ್ಷಗಟ್ಟಲೆ ಇದ್ದಾಗ ನಾಳದ ಸ್ನಾಯುಕೋಶಗಳು ತಮ್ಮ ಕೆಲಸ ಬಿಟ್ಟು ಮೂಳೆಯ ಕೋಶಗಳ ಹಾಗೆ ನಡೆದುಕೊಳ್ಳಲು ಶುರು ಮಾಡಬಹುದು. ಗೋಡೆಯಲ್ಲಿ ಸುಣ್ಣದ ಅಂಶ ಕೂರುತ್ತದೆ. ನಾಳ ಗಡುಸಾಗುತ್ತದೆ. ಬಿ.ಪಿ. ಪಟ್ಟಿ ಎಷ್ಟು ಒತ್ತಿದರೂ ಅದು ಅಮುಕುವುದಿಲ್ಲ, ಹಾಗಾಗಿ ಯಂತ್ರ ಜಾಸ್ತಿ ಒತ್ತಡ ತೋರಿಸುತ್ತದೆ. 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಅಂತ. 1.4 ದಾಟಿದರೆ ನಾಳ ಗಡುಸಾಗಿದೆ, ಆ ಲೆಕ್ಕ ನಂಬುವ ಹಾಗಿಲ್ಲ ಅಂತ. ಬೆರಳಿನ ಸಣ್ಣ ನಾಳಗಳಲ್ಲಿ ಹೀಗೆ ಸುಣ್ಣ ಕೂರುವುದು ಕಡಿಮೆ, ಅದಕ್ಕೇ ಅಲ್ಲಿ ಅಳೆಯುವುದು. ಹಸಿರು ಅಕ್ಷರ ನೋಡಿ ಆರು ತಿಂಗಳು ಕಳೆದ ನಾವು ಆ ಕುರ್ಚಿಯಲ್ಲಿ ಕೂತು ಇದನ್ನು ಕೇಳಿಸಿಕೊಂಡೆವು. ನಿಮ್ಮ ಮನೆಯಲ್ಲಿ ಶುಗರ್ ಇರುವವರ ಹಳೇ ರಿಪೋರ್ಟಿನಲ್ಲಿ ಈ ಸಂಖ್ಯೆ 1.4ರ ಮೇಲೆ ಇದ್ದರೆ ದಯವಿಟ್ಟು ಇವತ್ತೇ ತೆಗೆದು ಡಾಕ್ಟರಿಗೆ ತೋರಿಸಿ.

ನೋವು ಯಾಕೆ ಆಗಲಿಲ್ಲ ಅಂತ ಅವ್ವ ಕೇಳಿದರು. ನರಗಳಿಗೂ ಊಟ ಒಯ್ಯುವ ತೀರಾ ಸಣ್ಣ ರಕ್ತನಾಳಗಳಿವೆ. ಅವೂ ಇದೇ ಥರ ಕೆಡುತ್ತವೆ, ಸಕ್ಕರೆ ನರಕ್ಕೆ ನೇರವಾಗಿಯೂ ಹಾನಿ ಮಾಡುತ್ತದೆ. ರಕ್ತ ಕಡಿಮೆಯಾದ ಕಾಲು ನೋವಿನಿಂದ ಕೂಗಬೇಕು, ಕೂಗು ಒಯ್ಯುವ ನರವೇ ಮಂಕಾಗಿದೆ. ಅವ್ವ ಮತ್ತೇನೂ ಕೇಳಲಿಲ್ಲ, ಅಪ್ಪಾಜಿಯ ಪಾದವನ್ನೇ ನೋಡುತ್ತಾ ಕೂತರು.

ಕಣ್ಣಿನ ಪರದೆಯ ಫೋಟೋ ತೆಗೆಸಲೂ ಬರೆದುಕೊಟ್ಟರು. ಕಣ್ಣಿನ ಅತಿ ಸಣ್ಣ ನಾಳಗಳನ್ನು ಹೊರಗಿನಿಂದ ತಬ್ಬಿ ಹಿಡಿದಿರುವ ಪೆರಿಸೈಟ್ ಅನ್ನುವ ಕೋಶಗಳು ಸಕ್ಕರೆ ಕಾಯಿಲೆಯಲ್ಲಿ ಬೇಗನೆ ಸಾಯುತ್ತವೆ, ಆಮೇಲೆ ನಾಳ ಸೋರಲು ಶುರು. ದೃಷ್ಟಿ ಚೆನ್ನಾಗಿದ್ದಾಗಲೇ ವರ್ಷಕ್ಕೊಮ್ಮೆ ನೋಡಿಸಬೇಕಂತೆ.

ಮುಂದೇನು ಮಾಡಬೇಕು ಅಂತ ಹೇಳಿದ್ದರಲ್ಲಿ ನಡಿಗೆಯೇ ಮೊದಲು. ಪಾದದ ಗಾಯ ಪೂರ್ತಿ ಮಾಯ್ದ ಮೇಲೆ, ಸರಿಯಾದ ಪಾದರಕ್ಷೆ ಹಾಕಿಕೊಂಡು. ಕಾರಣವನ್ನೂ ಹೇಳಿದರು. ನಡೆದಾಗ ರಕ್ತ ಜೋರಾಗಿ ಹರಿದು ಒಳಪದರವನ್ನು ಸವರುತ್ತದೆ, ಆ ಸವರುವಿಕೆಯೇ ಒಳಪದರಕ್ಕೆ ನೈಟ್ರಿಕ್ ಆಕ್ಸೈಡ್ ಮಾಡಲು ಹೇಳುತ್ತದೆ. "ದಿನಾ ನಡೀರಿ" ಅಂತ ಎಷ್ಟು ಡಾಕ್ಟರು ಎಷ್ಟು ವರ್ಷದಿಂದ ಹೇಳಿದ್ದರೋ. ಅಪ್ಪಾಜಿ ಹೂಂ ಅಂದು ಮರೆಯುತ್ತಿದ್ದರು. ಗಾಯ ಮಾಯ್ದ ಮೂರನೇ ವಾರದಿಂದ ಬೆಳಿಗ್ಗೆ ಆರಕ್ಕೆ ಕುಂದುವಾಡ ಕೆರೆಗೆ ನನ್ನ ಜೊತೆ ಬರುತ್ತಿದ್ದಾರೆ, ನಾನು ಏಳುವುದು ತಡವಾದರೆ ಬಾಗಿಲು ತಟ್ಟುತ್ತಾರೆ.

ಶುಗರ್ ಹಿಡಿತದಲ್ಲಿ ಇಡುವ ಬಗ್ಗೆಯೂ ಸಮಾಧಾನವಾಗಿ ಹೇಳಿದರು. ಬ್ರಿಟನ್ನಿನಲ್ಲಿ ಹೊಸದಾಗಿ ಕಾಯಿಲೆ ಬಂದವರ ಮೇಲೆ ಮಾಡಿದ ದೊಡ್ಡ ಅಧ್ಯಯನದ ಫಲಿತಾಂಶ 1998ರಲ್ಲಿ ಬಂತು. ಬಿಗಿಯಾಗಿ ಶುಗರ್ ಹಿಡಿದಿಟ್ಟವರಲ್ಲಿ ಸಣ್ಣ ರಕ್ತನಾಳಗಳ ತೊಂದರೆ ಶೇಕಡಾ 25ರಷ್ಟು ಕಡಿಮೆ ಆಗಿತ್ತು. ಅಧ್ಯಯನ ಮುಗಿದು ಎರಡೂ ಗುಂಪಿನ ಶುಗರ್ ಒಂದೇ ಮಟ್ಟಕ್ಕೆ ಬಂದ ಮೇಲೂ, ಹತ್ತು ವರ್ಷದ ನಂತರ ನೋಡಿದಾಗ, ಮೊದಲು ಹುಷಾರಾಗಿದ್ದವರಿಗೆ ಲಾಭ ಉಳಿದೇ ಇತ್ತು. ನಾಳಗಳು ಹಳೇ ದಿನಗಳನ್ನು ನೆನಪಿಟ್ಟುಕೊಳ್ಳುತ್ತವೆ. ನನಗೆ ಈಗ ನಲವತ್ತೊಂದು, ಹೋದ ವರ್ಷ ಶುಗರ್ ಅಂಚಿನಲ್ಲಿ ಬಂದಿತ್ತು. ಈ ಮಾತು ಅಪ್ಪಾಜಿಗಿಂತ ನನಗೇ ಜಾಸ್ತಿ ತಾಗಿತು.

ಇನ್ನು ದೂರು. ಪಾದ ನೋಡುವ ಕ್ಲಿನಿಕ್ ಮೇಲಿನ ಮಹಡಿಯಲ್ಲಿದೆ, ಲಿಫ್ಟ್ ಇಲ್ಲ. ಇಪ್ಪತ್ತೆರಡು ಮೆಟ್ಟಿಲು, ಮಧ್ಯದಲ್ಲಿ ಹಿಡಿಕೆಯೂ ಇಲ್ಲ. ನಮ್ಮ ಮುಂದೆ ಒಬ್ಬ ಅಜ್ಜಿ, ಕಾಲಿಗೆ ಬ್ಯಾಂಡೇಜು, ಮಗನ ಹೆಗಲು ಹಿಡಿದು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಇದು ಸರಿಯಲ್ಲ, ಅಲ್ಲಿಯೇ ಹೇಳಿ ಬಂದೆ. ಹತ್ತೂವರೆಗೆ ಬನ್ನಿ ಅಂದವರು ಒಳಗೆ ಕರೆದಿದ್ದು ಹನ್ನೆರಡಕ್ಕೆ. ಶುಗರ್ ಮಾತ್ರೆ ತಗೊಂಡವರು ಅಷ್ಟು ಹೊತ್ತು ಏನೂ ತಿನ್ನದೆ ಕೂತರೆ ಶುಗರ್ ಇಳಿದು ಹೋಗಬಹುದು, ಬಿಸ್ಕತ್ತು ಇಟ್ಟುಕೊಂಡು ಹೋಗಿ. ರಿಪೋರ್ಟು ಬರೀ ಇಂಗ್ಲಿಷಿನಲ್ಲಿ ಇತ್ತು. ಅಪ್ಪಾಜಿಗೆ ಓದಲು ಬರುವುದು ಕನ್ನಡ ಮಾತ್ರ, ಹಿಂದಿನ ಪುಟದಲ್ಲಿ ನಾನೇ ಬರೆದುಕೊಟ್ಟೆ.

ಊಟದ ಚೀಟಿ ನನಗೆ ಒಪ್ಪಿಗೆ ಆಗಲಿಲ್ಲ. ಓಟ್ಸ್ ಇದೆ, ಮೊಳಕೆ ಕಾಳು ಇದೆ. ಮಂಡಕ್ಕಿಯ ಹೆಸರೇ ಇಲ್ಲ. ದಾವಣಗೆರೆಯಲ್ಲಿ ಕೂತು ಊಟದ ಚೀಟಿ ಬರೆದು ಮಂಡಕ್ಕಿ ಬಿಟ್ಟರೆ ಹೇಗೆ? ಸಂಜೆ ಆಯಿತಂದ್ರೆ ಮಿರ್ಚಿ ಮಂಡಕ್ಕಿ ತಿನ್ನುವ ಊರು ಇದು. ಹಗುರ ಇದೆ, ಏನೂ ಆಗಲ್ಲ ಅಂತ ಶುಗರ್ ಇರುವವರೂ ಎರಡು ಪ್ಲೇಟು ತಿನ್ನುತ್ತಾರೆ. ಮಂಡಕ್ಕಿ ಅಂದರೆ ಅಕ್ಕಿಯೇ, ಉಬ್ಬಿಸಿದ್ದರಿಂದ ಇನ್ನೂ ಬೇಗ ಜೀರ್ಣ ಆಗಿ ಶುಗರ್ ಸರ್ರನೆ ಏರಿಸುತ್ತದೆ. ನಾನು ಕೇಳಿದ ಮೇಲೆ ಅಲ್ಲಿಯ ಆಹಾರ ತಜ್ಞೆ, ಒಂದು ಹಿಡಿ ಮಂಡಕ್ಕಿಗೆ ಜಾಸ್ತಿ ಈರುಳ್ಳಿ, ಸೌತೆಕಾಯಿ, ಶೇಂಗಾ ಹಾಕಿಕೊಂಡು ವಾರಕ್ಕೊಮ್ಮೆ ಸಾಕು, ಮಿರ್ಚಿ ಬೇಡ ಅಂದರು. ಅಪ್ಪಾಜಿ ಒಪ್ಪಿಕೊಂಡರು. ಕೇಳದೆ ಹೋದವರಿಗೆ ಇದು ಗೊತ್ತಾಗುವುದು ಹೇಗೆ?

ಅವ್ವಗೂ ಡಾಕ್ಟರಿಗೂ ಒಂದು ಸಣ್ಣ ವಾದ ಆಯಿತು. ಬರಿಗಾಲಲ್ಲಿ ನಡೆಯಲೇ ಬಾರದು, ಮನೆಯೊಳಗೂ ಅಂದರು. "ದುಗ್ಗಮ್ಮನ ಗುಡಿಗೆ ಚಪ್ಪಲಿ ಹಾಕ್ಕೊಂಡು ಹೋಗಕ್ಕಾಗ್ತದಾ ಡಾಕ್ಟ್ರೇ?" ಅಂದರು ಅವ್ವ. ಡಾಕ್ಟರು ನಗಲಿಲ್ಲ, ಬೈಯಲೂ ಇಲ್ಲ. "ಬೆಳಿಗ್ಗೆ ಬೇಗ ಕರ್ಕೊಂಡು ಹೋಗಿ ತಾಯಿ, ಕಲ್ಲು ಕಾದಿರಲ್ಲ. ದಪ್ಪ ಸಾಕ್ಸ್ ಹಾಕಿಸಿ. ಬಂದ ತಕ್ಷಣ ಅಂಗಾಲು ನೋಡಿ, ನಿಮ್ಮ ಕಣ್ಣಿಂದ" ಅಂದರು. ಬೇಸಿಗೆಯಲ್ಲಿ ದೇವಸ್ಥಾನದ ಕಾದ ಕಲ್ಲಿಗೆ ಪಾದ ಸುಟ್ಟುಕೊಂಡು, ಸುಟ್ಟಿದ್ದೇ ಗೊತ್ತಾಗದೆ ಬರುವವರು ಪ್ರತಿ ವರ್ಷ ಇರುತ್ತಾರಂತೆ.

ಖರ್ಚು ಎಲ್ಲ ಸೇರಿ 1,150 ರೂಪಾಯಿ. ಎಂ.ಸಿ.ಆರ್. ಚಪ್ಪಲಿ, ಅಂದರೆ ಮೆತ್ತನೆ ರಬ್ಬರಿನ ಶುಗರ್ ಚಪ್ಪಲಿ, ಅಲ್ಲೇ ಮಾರುತ್ತಾರೆ. ಅಲ್ಲೇ ತಗೊಳ್ಳಿ ಅಂತ ಒತ್ತಾಯ ಇಲ್ಲ. ನಾವು ಹೊರಗೆ ತಗೊಂಡೆವು, ಹಿಮ್ಮಡಿಗೆ ಪಟ್ಟಿ ಇರುವಂಥದ್ದು, ಕಳಚಿ ಬೀಳದ ಹಾಗೆ. ಕೊಲೆಸ್ಟ್ರಾಲ್ ಮಾತ್ರೆ ಶುರು ಮಾಡಿದ್ದಾರೆ, ಮೂರು ತಿಂಗಳಿಗೆ ಮತ್ತೆ ಬರಲು ಹೇಳಿದ್ದಾರೆ. ಕಾಲಿನ ನಾಳಗಳ ಸ್ಕ್ಯಾನಿಂಗ್ ಬೇರೆ ಕಡೆ ಮಾಡಿಸಬೇಕು, ಅದು ಇಲ್ಲಿ ಇಲ್ಲ.

ಹೋಗುವವರಿಗೆ ಒಂದು ಮಾತು. ಡಾಕ್ಟರ ಹತ್ತಿರ ಅಂತ ಹೊಸ ಚಪ್ಪಲಿ ಹಾಕಿಕೊಂಡು ಹೋಗಬೇಡಿ. ದಿನಾ ಹಾಕುವ ಹಳೇದನ್ನೇ ಹಾಕಿಕೊಂಡು ಹೋಗಿ. ಅದನ್ನು ತಿರುಗಿಸಿ ಎಲ್ಲಿ ಸವೆದಿದೆ ಅಂತ ನೋಡುತ್ತಾರೆ, ಪಾದದ ಯಾವ ಜಾಗಕ್ಕೆ ಭಾರ ಬೀಳುತ್ತಿದೆ ಅಂತ ಅದರಿಂದ ಗೊತ್ತಾಗುತ್ತದೆ. ನಾವು ಅಪ್ಪಾಜಿಗೆ ಹೊಸದು ಹಾಕಿಸಿ ಕರೆದೊಯ್ದಿದ್ದೆವು. ಮನೆಯಲ್ಲಿ ಉಳಿದಿದ್ದ ಹಳೇ ಬಲಗಾಲಿನ ಚಪ್ಪಲಿಯನ್ನು ಮಾರನೇ ದಿನ ನಾನು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ ಬಂದೆ.